ಕೊಡುವ ಮೊಳ

ನನ್ನ ಮಗಳಿಗೆ ನಲವತ್ತಮೂರನೆಯ ವಯಸ್ಸಿನಲ್ಲಿ ಮುಂಬಯಿ ಹತ್ತಿರದ ಠಾಣೆ ಊರಿನ ಮಾಜಿವಾಡಾದ ಒಂದು ಆಫೀಸಿನಲ್ಲಿ ಕಂಪ್ಯೂಟರಿನ ಕೆಲಸ ಸಿಕ್ಕಿತು. ಬಿಲ್ಲು ನೋಡಿ ಅಂಕಿ ತುಂಬುವ ಕೆಲಸ. ಒಂದು ತಿಂಗಳು ನೋಡುತ್ತಾರೆ, ಆಮೇಲೆ ಖಾಯಂ. ನಮ್ಮ ಮನೆತನದಲ್ಲಿ ಹೂವಿನ ಬುಟ್ಟಿ ಬಿಟ್ಟು ಕುರ್ಚಿಯಲ್ಲಿ ಕುಳಿತ ಮೊದಲ ಹೆಣ್ಣು ಅವಳು. ನನ್ನವ್ವ ವಿಜಯಪುರದಲ್ಲಿ ಹೂ ಮಾರಿದಳು. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಡೊಂಬಿವಲಿ ಸ್ಟೇಷನ್ನಿನ ಹೊರಗೆ ಮೂವತ್ತೈದು ವರ್ಷದಿಂದ ಮಾರುತ್ತಿದ್ದೇನೆ. ಮಗಳು ನನ್ನ ಪಕ್ಕದಲ್ಲೇ ಹೂ ಕಟ್ಟುತ್ತ ಹನ್ನೆರಡನೆಯದು ಮುಗಿಸಿದಳು. ತನ್ನ ಮಗಳು ಶಾಲೆಗೆ ಹೋಗತೊಡಗಿದ ಮೇಲೆ ತಾನೂ ಕಂಪ್ಯೂಟರ್ ಕ್ಲಾಸಿಗೆ ಹೋದಳು.

ಮೊದಲ ದಿನ ಆಫೀಸಿನ ದೇವರ ಫೋಟೋಕ್ಕೆ ಹಾರ ಕೊಡುವ ನೆಪದಲ್ಲಿ ನಾನೂ ಹೋದೆ. ಅವಳ ಮೇಜು ನೋಡಿದೆ, ಕುರ್ಚಿ ಮುಟ್ಟಿದೆ. ಅವಳ ಮುಖದಿಂದ ಸ್ಕ್ರೀನಿಗೆ ಎಷ್ಟು ದೂರವೆಂದು ಕೈಯಿಟ್ಟು ಅಳೆದೆ. ಒಂದೂವರೆ ಮೊಳ. ಯಾಕೆ ಅಳೆದೆನೋ! ಹೂವಾಡಗಿತ್ತಿಗೆ ಕಂಡದ್ದನ್ನೆಲ್ಲ ಅಳೆಯುವ ಚಟ.

ಎರಡು ವಾರದಲ್ಲಿ ತಲೆನೋವು ಶುರುವಾಯಿತು. ನಮ್ಮ ಮನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಚಷ್ಮಾ. ಅಡುಗೆಮನೆಯ ಮೊಳೆಗೆ ನೇತುಹಾಕಿರುತ್ತಿದ್ದೆವು. ಅಕ್ಕಿ ಆರಿಸುವವರು, ಸೂಜಿಗೆ ದಾರ ಪೋಣಿಸುವವರು ತೆಗೆದು ಹಾಕಿಕೊಳ್ಳುವುದು. ಅವಳು ಅದನ್ನೇ ಆಫೀಸಿಗೆ ಒಯ್ದಳು. ಕಾಗದ ಕಂಡಿತು, ಸ್ಕ್ರೀನು ಮಂಜಾಯಿತು. ಮೂರು ಇದ್ದಲ್ಲಿ ಎಂಟು ತುಂಬಿದಳು, ಎರಡು ಸಲ.

"ಯವ್ವಾ, ಇನ್ನೊಂದು ತಪ್ಪಾದ್ರ ಬರಬ್ಯಾಡ ಅಂದಾರ" ಎಂದಳು. ತಿಂಗಳು ಮುಗಿಯಲು ಹತ್ತು ದಿನ ಉಳಿದಿತ್ತು.

ಮರುದಿನವೇ ಸ್ಟೇಷನ್ನಿನ ಬಳಿಯ ಚಷ್ಮಾದ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವರು ಉಡುಪಿ ಕಡೆಯವರು. ಕಣ್ಣು ನೋಡಿ ಹೇಳಿದರು: "ಓದ್ಲಿಕ್ಕೆ ಬೇರೆ, ಕಂಪ್ಯೂಟರಿಗೆ ಬೇರೆ ಅಮ್ಮ. ಮೇಲೊಂದು ಕೆಳಗೊಂದು ನಂಬರ್ ಇರುವುದು ಹಾಕಿದ್ರೆ ದಿನವಿಡೀ ಮುಖ ಎತ್ತಿ ಕೂರ್ಬೇಕು, ಕುತ್ತಿಗೆ ಹೋಗ್ತದೆ. ಸ್ಕ್ರೀನ್ ಎಷ್ಟು ದೂರ ಉಂಟು?"

ನಾನು ಮಗಳನ್ನು ಸರಿಸಿ ಮುಂದೆ ನುಗ್ಗಿದೆ. "ನಾ ಅಳದೀನಲ್ರಿ! ಒಂದೂವರಿ ಮೊಳ!"

"ಯಾರ ಮೊಳ ಮಾರಾಯ್ರೇ?" ನಗುತ್ತ ಒಂದು ದಾರ ಕೊಟ್ಟರು. ನಾನು ಕಣ್ಣು ಮಿಟುಕಿಸುವುದರೊಳಗೆ ಅಳೆದು ಚಿವುಟಿ ಹಿಡಿದೆ. ಅವರು ಅದಕ್ಕೆ ಅಳತೆಪಟ್ಟಿ ಇಟ್ಟು ಬರೆದುಕೊಂಡರು. ಫ್ರೇಮ್ ಆರಿಸುವಾಗ ಮಗಳು ಹಿಂದೆಮುಂದೆ ನೋಡಿದಳು. "ಗಂಡನ ಮಾರಿ ನೋಡೋದಕ್ಕಿಂತ ಹೆಚ್ಚು ಹೊತ್ತು ಇದನ್ನ ಹೊರಬೇಕು, ನೋಡಿ ತಗೋ" ಎಂದೆ. ಹಗುರಾದ ಕರಿಯದನ್ನು ತೆಗೆದುಕೊಂಡಳು.

ಚಷ್ಮಾ ಬಂತು. ಕಷ್ಟ ಹೋಗಲಿಲ್ಲ. ನೆಟ್ಟಗೆ ಕುಳಿತರೆ ಅಂಕಿ ಒಂದರ ಮೇಲೊಂದು ಹತ್ತಿದಂತೆ ಕಾಣುತ್ತದೆ, ಬಗ್ಗಿದರೆ ಮಾತ್ರ ಸರಿ. ಎರಡು ದಿನ ಬಗ್ಗಿ ಬಗ್ಗಿ ಕೆಲಸ ಮಾಡಿ ಬಂದವಳು ಬುಧವಾರ ಸಂಜೆ ಚಷ್ಮಾ ತೆಗೆದು ಕಪಾಟಿನಲ್ಲಿಟ್ಟಳು.

"ಚಷ್ಮಾದ್ದಲ್ಲ ಯವ್ವಾ, ನನ್ನ ತಲೀಗೇ ಬರಂಗಿಲ್ಲ. ನಾಳಿಂದ ನಿನ್ನ ಬಾಜೂಕ ಕೂಡ್ತೀನಿ."

ತಿಂಗಳು ಮುಗಿಯುವ ಶನಿವಾರಕ್ಕೆ ಮೂರೇ ದಿನ. ಅಂಗಡಿಯವರನ್ನು ಮನಸಾರೆ ಬೈದೆ.

ಆಗಲೇ ಪಕ್ಕದ ಮನೆಯಾಕೆ ಬಂದು ಒಂದು ಮೊಳ ಅಬೋಲಿ ಹೂ ಕೇಳಿದಳು. ಅಳೆಯತೊಡಗಿದೆ. ಆರನೆಯ ಇಯತ್ತೆಯ ಮೊಮ್ಮಗಳು ಅಲ್ಲೇ ಟೇಪು ಹಿಡಿದು ಶಾಲೆಯ ಅಳತೆಯ ಲೆಕ್ಕ ಮಾಡುತ್ತಿದ್ದಳು. ಕಣ್ಣು ಎಷ್ಟು ಚುರುಕು ಆ ಕೂಸಿನದು, ಹೇಳಿದರೆ ಜಂಬ ಅಂದುಕೊಳ್ಳಿ! ನನ್ನ ಮೊಣಕೈಯಿಂದ ಬೆರಳ ತುದಿಗೆ ಟೇಪು ಹಿಡಿದಳು, ಆಮೇಲೆ ಮಾಲೆಗೆ.

"ಅಜ್ಜಿ, ಹಾಥ್ ಬಡಾ ಹೈ, ಮಾಲಾ ಛೋಟೀ ಕ್ಯೂಂ?"

"ಸುಮ್ಮನಿರ, ಹೊರಗ ಕೇಳಸ್ತದ!" ಎಂದೆ. ಕೈ ದೊಡ್ಡದು, ಮಾಲೆ ಏಕೆ ಸಣ್ಣದು ಎಂದು ಕೂಸು ಕೇಳಿದ್ದು. ಅವಳನ್ನು ಗದರಿದ ಮೇಲೆ ನನಗೇ ಚಷ್ಮಾದ ಅಂಗಡಿಯ ದಾರ ನೆನಪಾಯಿತು.

ನಮ್ಮಲ್ಲಿ ಅಳೆದುಕೊಳ್ಳುವ ಮೊಳ ಬೇರೆ, ಅಳೆದು ಕೊಡುವ ಮೊಳ ಬೇರೆ. ಕೊಡುವಾಗ ಬೆರಳು ಒಳಗೆ ಮಡಿಚುತ್ತದೆ, ದಾರ ಮೊಣಕೈಯ ಎಲುಬು ಮುಟ್ಟುವುದಿಲ್ಲ. ಮೊಳಕ್ಕೆ ನಾಲ್ಕು ಬೆರಳು ಉಳಿಯುತ್ತದೆ. ಅವ್ವ ಕಲಿಸಿದ್ದು. ಆಫೀಸಿನಲ್ಲಿ ನಾನು ನಿಜವಾಗಿ ಅಳೆದಿದ್ದೆ. ಅಂಗಡಿಯಲ್ಲಿ ದಾರ ಕೈಗೆ ಬಂದದ್ದೇ ತಡ, ಕೈ ತನ್ನ ಪಾಡಿಗೆ ವ್ಯಾಪಾರ ಮಾಡಿತ್ತು; ಚಷ್ಮಾ ಆ ಗಿಡ್ಡ ದಾರದ ದೂರಕ್ಕೆ ತಯಾರಾಗಿತ್ತು.

ಮಗಳನ್ನು ಕರೆದು ಹೇಳಿದೆ. ಅವಳೂ ಹೂವಾಡಗಿತ್ತಿಯೇ ಅಲ್ಲವೇ, ಒಂದೇ ಮಾತಿಗೆ ತಿಳಿಯಿತು.

"ಯವ್ವಾ! ನನಗೂ ಕೊಡೋ ಮೊಳಾನ ಕೊಟ್ಟೆಲ್ಲ!" ನಕ್ಕಳು, ನಗುತ್ತ ಅತ್ತಳು.

ಬೆಳಗಾಗುತ್ತಲೇ ಅಂಗಡಿಗೆ ಓಡಿದೆ. ಗಿರಾಕಿಗಳು ನಿಂತಿದ್ದರು, ಅವರಲ್ಲಿ ಇಬ್ಬರು ನನ್ನ ಹೂವಿನ ಗಿರಾಕಿಗಳೇ. ಕಾಯಲು ಹೊತ್ತಿರಲಿಲ್ಲ. ಅವರ ಮುಂದೆಯೇ ಎಲ್ಲ ಹೇಳಿ, ಬೆರಳು ನೆಟ್ಟಗೆ ಚಾಚಿ, ಎಲುಬು ಮುಟ್ಟಿಸಿ ದಾರ ಅಳೆದುಕೊಟ್ಟೆ.

ಅಂಗಡಿಯವರು ದಾರ ನೋಡಿದರು, ನನ್ನನ್ನು ನೋಡಿದರು. "ಹಾಗಾದ್ರೆ ಇಷ್ಟು ವರ್ಷ ನನ್ನ ಹೆಂಡತಿಗೆ ಕೊಟ್ಟದ್ದು?"

"ಕೊಡೋದನ್ನ ಕೊಟ್ಟೀನ್ರಿ" ಎಂದೆ. ಅಂಗಡಿಯೆಲ್ಲ ನಕ್ಕಿತು. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ.

ಶುಕ್ರವಾರ ಸಂಜೆಗೆ ಹೊಸ ಗಾಜು ಎಂದರು. ಅಲ್ಲಿಯತನಕ ಮಗಳು ಅದೇ ಚಷ್ಮಾ ಹಾಕಿ ಬಗ್ಗಿಯೇ ಕೆಲಸ ಮಾಡಿದಳು. ಸಂಜೆ ಐದಾಯಿತು, ಏಳಾಯಿತು. ಗಾಜು ಕಲ್ಯಾಣದಿಂದ ಬರಬೇಕಿತ್ತು, ಬರಲಿಲ್ಲ. ಹೂ ಮಾರುವುದು ಬಿಟ್ಟು ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ. ಶಟರ್ ಅರ್ಧ ಇಳಿದ ಮೇಲೆ ಬಂತು. ಮಗಳು ತಂದುಕೊಟ್ಟ ಫ್ರೇಮಿಗೆ ಅಲ್ಲೇ ನಿಂತು ಕೂರಿಸಿಕೊಟ್ಟರು.

ಶನಿವಾರ ಸಂಜೆ ಮೊಮ್ಮಗಳ ಕೈ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಒಂದು ಲೋಕಲ್ ಹೋಯಿತು, ಎರಡನೆಯದು ಹೋಯಿತು. ಮೂರನೆಯದರಲ್ಲೂ ಇಲ್ಲ. ನಾನು ಬಿಗಿ ಹಿಡಿದೆನೆಂದು ಕೂಸು ತನ್ನ ಕೈ ಬಿಡಿಸಿಕೊಂಡಿತು. ನಾಲ್ಕನೆಯ ಗಾಡಿಯ ಹೆಂಗಸರ ಡಬ್ಬಿಯಿಂದ ಮಗಳು ಇಳಿದಳು. ಚಷ್ಮಾ ಮೂಗಿನ ಮೇಲೆಯೇ ಇತ್ತು.

"ಒಂದೂ ತಪ್ಪಿಲ್ಲ ಯವ್ವಾ. ಸೋಮವಾರದಿಂದ ಖಾಯಂ."

ನಾನು ಏನು ಕೂಗಿದೆನೋ ನನಗೇ ಗೊತ್ತಿಲ್ಲ. ಗುರುತಿಲ್ಲದ ಹೆಂಗಸರನ್ನು ಹಿಡಿದು ಹಿಡಿದು, "ಮೇರೀ ಬೇಟೀ ಖಾಯಂ ಹೋ ಗಯೀ" ಎಂದು ಹೇಳಿದೆನಂತೆ. ಒಬ್ಬಾಕೆ ತನ್ನ ಗಾಡಿ ಬಿಟ್ಟು ನನ್ನ ಮಾತು ಕೇಳಿದಳು.

"ಅಜ್ಜಿ, ಸಬ್ ದೇಖ್ ರಹೇ ಹೈಂ!" ಎಂದಳು ಮೊಮ್ಮಗಳು. ಎಲ್ಲರೂ ನೋಡುತ್ತಿದ್ದಾರೆಂದು ನಾಚಿ ಸೆರಗು ಜಗ್ಗಿದಳು.

ನಾನು ಇನ್ನೂ ಇಬ್ಬರಿಗೆ ಹೇಳಿಯೇ ಮನೆಗೆ ನಡೆದೆ.