ಏಳನೇ ಕುದುರೆಯ ಬಾಲ

ವಾಷಿಂಗ್ ಮಷೀನಿನ ಹೊಟ್ಟೆಯೊಳಗೆ ಏನೋ ಕಟಕಟ ಅನ್ನುತ್ತಿತ್ತು. ಮಗಳು ಸುಮಾ ಅದನ್ನು ನಿಲ್ಲಿಸಿ, ಒಳಗೆ ಕೈ ಹಾಕಿ, ಏನನ್ನೋ ಹಿಡಿದೆಳೆದವಳೇ ಕಿರುಚಿದಳು. ಅವಳ ಎರಡು ಬೆರಳುಗಳ ನಡುವೆ ಗೇಣುದ್ದದ, ಬೂದು ಬಣ್ಣದ, ನೀರು ತೊಟ್ಟಿಕ್ಕುವ ಬಾಲವೊಂದು ನೇತಾಡುತ್ತಿತ್ತು.

"ಅಪ್ಪಾ! ಇಲಿ!"

"ಇಲಿ ಅಲ್ಲ, ಕುದುರೆ," ಅಂದೆ ನಾನು, ಚಹಾ ಕುಡಿಯುತ್ತಾ.

"ಡೀಸೆಲ್ ವಾಸನೆ ಬರ್ತಾ ಉಂಟು ಇದ್ರಿಂದ. ನನ್ನ ಬೆಡ್‌ಶೀಟೆಲ್ಲ ಹಾಳಾಯ್ತು. ಬಿಸಾಡ್ತೇನೆ."

"ಬಿಸಾಡಿದ್ರೆ ನಾನೂ ಅದರ ಹಿಂದೆಯೇ ಕಸದ ಡಬ್ಬಿಗೆ ಹಾರ್ತೇನೆ."

"ಹಾರಿ. ನಿಮ್ಮ ವೀಸಾ ನನ್ನ ಹೆಸರಲ್ಲಿ ಉಂಟು, ನೆನಪಿರಲಿ."

ನೋಡಿದಿರಾ? ಒಂದು ಕಾಲದಲ್ಲಿ ನಾನು ಇವಳ ಸ್ಪಾನ್ಸರ್ ಆಗಿದ್ದೆ. ಈಗ ಗಲ್ಫಿನ ಖಲೀಫಾ ಸಿಟಿಯ ಈ ವಿಲ್ಲಾದಲ್ಲಿ ಅವಳು ನನ್ನ ಸ್ಪಾನ್ಸರ್. ಆದರೆ ಬಾಲವನ್ನು ನಾನು ಬಿಟ್ಟುಕೊಡಲಿಲ್ಲ. ಕಿತ್ತುಕೊಂಡು ನೋಡಿದರೆ ಅದರ ಬುಡದಲ್ಲಿ ತಂತಿಯಿಂದ ಬಿಗಿದ ಪುಟ್ಟ ಅಲ್ಯೂಮಿನಿಯಂ ಬಿಲ್ಲೆ. ಅದರ ಮೇಲೆ ಸುತ್ತಿಗೆಯಲ್ಲಿ ಕುಟ್ಟಿದ ಗುರುತು, 'ಎಚ್ 7'. ಕಟಕಟ ಅಂದದ್ದು ಅದೇ. ಒಂದು ವರ್ಷದಿಂದ ನನ್ನ ವೇಷದ ಜೇಬಿನಲ್ಲಿ ಮಲಗಿತ್ತು, ಪಾಪ.

ಯಾವ ವೇಷ ಅಂತ ಕೇಳುತ್ತೀರಿ. ಹೇಳುತ್ತೇನೆ, ಆದರೆ ನಗಬಾರದು. ನಗುವುದಾದರೆ ನನ್ನಷ್ಟೇ ಜೋರಾಗಿ ನಗಬೇಕು.

ಚಳಿಗಾಲ ಬಂತೆಂದರೆ ದುಬೈ ಹೊರವಲಯದ ಒಂದು ಹುಲ್ಲುಹಾಸಿನ ಮೇಲೆ ರೆನೆಸಾನ್ಸ್ ಫೇರ್ ಅಂತ ನಡೆಯುತ್ತದೆ. ವಾರವಿಡೀ ಬ್ಯಾಂಕಿನಲ್ಲೋ ಏರ್‌ಪೋರ್ಟಿನಲ್ಲೋ ದುಡಿಯುವ ಜನ ಅವತ್ತು ಒಂದು ದಿನ ಐನೂರು ವರ್ಷ ಹಿಂದಕ್ಕೆ ಹೋಗುತ್ತಾರೆ. ತಗಡಿನ ಕವಚ, ಮರದ ಕತ್ತಿ, ಕಿರೀಟ, ಕಾಲಲ್ಲಿ ಮಾತ್ರ ಓಟದ ಬೂಟು. ಆ ಕಾಲದ ಮದ್ಯದ ಬದಲು ಕರಕ್ ಚಹಾ. ವೀರರಿಗೆ ಕುದುರೆ ಬೇಕಿತ್ತು, ಆದರೆ ಬಾಡಿಗೆಗೆ ಸಿಕ್ಕಿದ್ದು ಒಂದು ಒಂಟೆ. ಆ ಒಂಟೆಯ ಕೊರಳಿಗೆ ನಾನೊಮ್ಮೆ ಪಾರ್ಕಿಂಗ್ ದಂಡದ ಚೀಟಿ ಬರೆದು ತೂಗುಹಾಕಿದ್ದೆ. ಒಬ್ಬ ವೀರಯೋಧ ಕವಚ ಬಿಚ್ಚಿ, ಆ ದಂಡವನ್ನು ಎಲ್ಲಿ ಕಟ್ಟಬೇಕೆಂದು ಕಚೇರಿ ಹುಡುಕಿಕೊಂಡು ಹೋದ. ದೇವರಾಣೆ.

ಇಂಥ ಕಡೆ ನಮಗೇನು ಕೆಲಸ? ನಮಗೆ ಅಂದರೆ ನನಗೆ ಮತ್ತು ಜಾಫರ್ ಭಾಯ್‌ಗೆ. ಜಾಫರ್ ಭಾಯ್ ಭಟ್ಕಳದ ನವಾಯತರು, ದುಬೈನ ದೇರಾದಲ್ಲಿ ಪಾತ್ರೆಯ ಅಂಗಡಿ. ಕಡಿಮೆ ಮಾತು, ಅದಕ್ಕಿಂತ ಕಡಿಮೆ ನಗು. ಅವರ ಅಜ್ಜಿ ಹೇಳುತ್ತಿದ್ದ ಕತೆಯ ಪ್ರಕಾರ ಅವರ ಹಿರಿಯರು ಹೋರ್ಮುಜ್‌ನಿಂದ ಭಟ್ಕಳದ ಬಂದರಿಗೆ ಹಡಗಿನಲ್ಲಿ ಕುದುರೆ ತರುತ್ತಿದ್ದರು, ವಿಜಯನಗರದ ಅರಸರಿಗೆ. ದಾರಿಯಲ್ಲಿ ಕುದುರೆ ಸತ್ತರೆ ಹೆಣವನ್ನು ಸಮುದ್ರಕ್ಕೆ ಹಾಕಿ ಬಾಲವನ್ನಷ್ಟೇ ಕತ್ತರಿಸಿ ತರುವುದು. ಬಾಲ ತೋರಿಸಿದರೆ ಅರಸರು ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದರಂತೆ. ಈ ಕತೆಯನ್ನು ಹಿಡಿದು ಜಾಫರ್ ಭಾಯ್ ಒಂದು ಮಣೆಯಾಟ ಕಟ್ಟಿದರು. ಆಡುವವರೆಲ್ಲ ಕುದುರೆ ವ್ಯಾಪಾರಿಗಳು. ದಾಳ ಹಾಕಿ ಸಮುದ್ರ ದಾಟಬೇಕು. ಬಿರುಗಾಳಿಗೆ ಕುದುರೆ ಸತ್ತರೆ ಬಾಲ ಉಳಿಸಿಕೊಂಡು ಬರಬೇಕು. ನಾನು ರುವೈಸ್ ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿದ್ದು ಆಗಷ್ಟೇ ರಿಟೈರ್ ಆಗಿದ್ದೆ. ಕೈ ಖಾಲಿ, ಬಾಯಿ ತುಂಬ ಮಾತು. ಆ ಆಟವನ್ನು ಹೊರತರಲು ಇಬ್ಬರೂ ಸೇರಿ ಪ್ರಕಾಶನ ಶುರುಮಾಡಿದೆವು. ಅವರ ಅಂಗಡಿಯ ಒಂದು ಕಪಾಟೇ ನಮ್ಮ ಹೆಡ್ ಆಫೀಸು. ರಾಸ್ ಅಲ್ ಖೋರ್‌ನಲ್ಲಿ ಕಾರಿನ ಸೀಟು ಹೊಲಿಯುವ ಬ್ಯಾರಿಯೊಬ್ಬರು ಉಳಿದ ರೆಕ್ಸಿನ್ ತುಂಡುಗಳಲ್ಲಿ ಆಟದ ಹಾಸು ಹೊಲಿದುಕೊಟ್ಟರು. ಸೀಟಿನೊಳಗಿನ ಕಪ್ಪು ನಾರಿನಿಂದ ಬಾಲ ಮಾಡಿಕೊಟ್ಟರು. ನೂರು ಪೆಟ್ಟಿಗೆ ತಯಾರಾಯಿತು. ಇವತ್ತಿಗೂ ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆಗೆದರೆ ನನಗೆ ನಮ್ಮ ಪ್ರಕಾಶನದ ವಾಸನೆ ಬರುತ್ತದೆ.

ಮೊದಲ ವರ್ಷ ಫೇರಿನ ಗೇಟಿನಲ್ಲೇ ತಡೆದರು. ವಿಜಯನಗರದವರ ಉದ್ದನೆಯ ಕುಲ್ಲಾಯಿ ಟೋಪಿ, ಬಿಳಿ ಅಂಗಿ, ನಡುಪಟ್ಟಿ ಬಿಗಿದು ನಿಂತಿದ್ದ ನನ್ನನ್ನು ರಾಣಿ ವೇಷದ ಬಿಳಿ ಹೆಂಗಸು ಮೇಲಿಂದ ಕೆಳಗೆ ನೋಡಿ, ಇದು ಯಾವ ಕಾಲದ ವೇಷ, ಇಲ್ಲಿಗೆ ಹೊಂದುವುದಿಲ್ಲವಲ್ಲ ಅಂದಳು. ನಾನು ಮೀಸೆ ತಿರುವಿ ಹೇಳಿದೆ: "ಮೇಡಂ, ಇಂಗ್ಲೆಂಡಿನಲ್ಲಿ ನಿಮ್ಮ ರಾಜ ಹೆಂಡತಿ ಬದಲಾಯಿಸುವ ಕಾಲಕ್ಕೆ ನಮ್ಮ ರಾಜ ಕುದುರೆ ಬದಲಾಯಿಸುತ್ತಿದ್ದ. ಅದೇ ಕಾಲ." ಅವಳು ನಕ್ಕು ಒಳಗೆ ಬಿಟ್ಟಳು. ನನ್ನ ಇಂಗ್ಲಿಷಿಗೆ ರಾಣಿಯೇ ಸೋತಳು ಅಂತ ನಾನು ಇಂದಿಗೂ ಹೇಳಿಕೊಂಡು ತಿರುಗುತ್ತೇನೆ.

ಒಳಗೆ ಮಾತ್ರ ನಾವು ಸೋತೆವು. ಆಟ ಮೂರು ಗಂಟೆ ಹಿಡಿಯುತ್ತಿತ್ತು. ಕೂತವರು ವಿನಯದಿಂದ ಆಡಿ, "ಇಂಟರೆಸ್ಟಿಂಗ್" ಅಂತ ಹೇಳಿ, ಬೆನ್ನು ಹಿಡಿದುಕೊಂಡು ಎದ್ದು ಹೋದರು. ಒಬ್ಬರೂ ತಿರುಗಿ ಬರಲಿಲ್ಲ. ವಾಪಸ್ ಬರುವಾಗ ವ್ಯಾನಿನಲ್ಲಿ ಜಾಫರ್ ಭಾಯ್ ಹೇಳಿದರು:

"ಮಾರಾಯ್ರೆ, ಒಂದ್ಸಲ ಆಡುವವರು ಮರ್ಯಾದೆಗೆ ಆಡ್ತಾರೆ. ಎರಡನೇ ಸಲ ಆಡುವವರು ಆಟಕ್ಕೆ ಆಡ್ತಾರೆ. ಗುರುತಿಲ್ಲದ ಒಬ್ಬ ಮನುಷ್ಯ, ಒಬ್ಬನೇ ಸಾಕು, ತಾನಾಗಿ ಎರಡನೇ ಸಲ ಬಂದು ಕೂತ್ಕೊಳ್ಬೇಕು. ಮುಂದಿನ ವರ್ಷವೂ ಬರದಿದ್ರೆ ಖಲಾಸ್. ಕಪಾಟು ಖಾಲಿ ಮಾಡಿ ಕುಕ್ಕರ್ ಇಡ್ತೇನೆ."

ಕುಕ್ಕರ್! ನಮ್ಮ ಹೆಡ್ ಆಫೀಸಿನಲ್ಲಿ ಕುಕ್ಕರ್! ಅವತ್ತೇ ನಿರ್ಧರಿಸಿದೆ: ಏನೇ ಆಗಲಿ ಈ ಪ್ರಕಾಶನ ಮುಚ್ಚಲು ಬಿಡುವುದಿಲ್ಲ. ಗುರುತಿಲ್ಲದ ಮನುಷ್ಯ ತಾನಾಗಿ ಬರದಿದ್ದರೆ ಬರಿಸುವುದು ನನಗೆ ಗೊತ್ತು.

ರುವೈಸ್‌ನಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತ ಫೆಲಿಕ್ಸ್ ಅಂತ ಒಬ್ಬನಿದ್ದಾನೆ, ಬೆಳ್ಮಣ್ ಕಡೆಯವನು. ಕೆಂಪಗೆ ಗುಂಡಗೆ, ಪಾದ್ರಿಯ ನಿಲುವಂಗಿ ತೊಡಿಸಿದರೆ ಪಾಪ ನಿವೇದನೆಗೆ ಜನ ಸಾಲು ನಿಲ್ಲಬೇಕು, ಹಾಗಿದ್ದಾನೆ. ಜಾಫರ್ ಭಾಯ್ ಅವನನ್ನು ಕಂಡವರಲ್ಲ. ಎರಡನೇ ವರ್ಷದ ಫೇರಿಗೆ ಅವನನ್ನು ಕರೆಸಿದೆ. ನಿಲುವಂಗಿ ನಾನೇ ಹೊಲಿಸಿದೆ. ಕರಾರು ಇಷ್ಟೇ: ಬೆಳಿಗ್ಗೆ ಒಂದು ಆಟ, ಮಧ್ಯಾಹ್ನ ಇನ್ನೊಂದು, ಬಾಯಿ ಬಿಡುವ ಹಾಗಿಲ್ಲ, ಸಂಜೆ ಎರಡು ಪ್ಲೇಟ್ ಬಿರಿಯಾನಿ.

ಮೊದಮೊದಲು ಅವನು ಬಾಯಿ ಬಿಡಲಿಲ್ಲ. ಆದರೆ ನಿಯಮ ವಿವರಿಸುವಾಗ ಕಿವಿಯನ್ನೂ ತೆರೆಯಲಿಲ್ಲ. ಆಟದ ನಡುವೆ ಒಂಟೆ ಹಾದುಹೋಯಿತು, ಜಾಫರ್ ಭಾಯ್ ಅತ್ತ ನೋಡಿದರು, ಇವನು ಕೈ ಚಾಚಿ ಅವರ ಮುಂದಿದ್ದ ಬಾಲವನ್ನು ಎತ್ತಿ ತನ್ನ ತೋಳಿನೊಳಗೆ ಸೇರಿಸಿಕೊಂಡ.

"ಬ್ರದರ್, ಅದು ನನ್ನದು," ಅಂದರು ಜಾಫರ್ ಭಾಯ್.

"ಯು ಲುಕ್ಡ್ ಕ್ಯಾಮೆಲ್. ಐ ಟುಕ್," ಅಂದ ಫೆಲಿಕ್ಸ್.

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ನಾನು ಅವನ ಕಾಲು ತುಳಿದೆ. ಜಾಫರ್ ಭಾಯ್ ಮಾತ್ರ ಬಾಲ ಇದ್ದ ಜಾಗವನ್ನೇ ನೋಡುತ್ತಾ ಕೂತು, ಆಮೇಲೆ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡರು. ಮಧ್ಯಾಹ್ನ ಪಾದ್ರಿ ಎರಡನೇ ಆಟಕ್ಕೆ ಬಂದಾಗ ಅವರ ಮುಖ ನೀವು ನೋಡಬೇಕಿತ್ತು. ಆಟ ಮುಗಿದ ಮೇಲೆ ಒಂದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನಿಗೆ ಉಡುಗೊರೆ ಕೊಟ್ಟರು. ವ್ಯಾನಿನಲ್ಲಿ ಅಂದರು, "ಮಾತು ಕಡಿಮೆ, ಇಂಗ್ಲಿಷ್ ಹರಕು. ಪೋರ್ಚುಗೀಸ್ ಇರ್ಬೇಕು. ನಮ್ಮ ಹಿರಿಯರಿಗೆ ಸಮುದ್ರದಲ್ಲಿ ಎಷ್ಟು ಕಾಟ ಕೊಟ್ಟವರು! ಆದ್ರೂ ಒಳ್ಳೆ ಮನುಷ್ಯ."

ನಾನು ನಗು ತಡೆಯಲು ಹೊರಗೆ ನೋಡಿದೆ. ನನ್ನ ಜೀವಮಾನದ ಶ್ರೇಷ್ಠ ಚೇಷ್ಟೆ ಅಂತ ಬೆನ್ನು ತಟ್ಟಿಕೊಂಡೆ.

ಆದರೆ ಆ ವರ್ಷ ನಡೆದದ್ದೇ ಬೇರೆ. ಜಾಫರ್ ಭಾಯ್ ಅಂಗಡಿ ಮುಚ್ಚಿದ ಮೇಲೆ ಪಾತ್ರೆಗಳ ನಡುವೆ ಕೂತು ಇಡೀ ಆಟವನ್ನು ಬಿಚ್ಚಿ ಮತ್ತೆ ಕಟ್ಟಿದರು. ಎದುರಾಳಿಯ ಕಣ್ಣು ತಪ್ಪಿದರೆ ಬಾಲ ಕದಿಯಬಹುದು, ಇದು ಹೊಸ ನಿಯಮ. ಮೂರು ಗಂಟೆಯ ಆಟ ನಲವತ್ತು ನಿಮಿಷಕ್ಕೆ ಇಳಿಯಿತು. ಆ ಮನುಷ್ಯ ನಗುವುದನ್ನೂ ಕಲಿತರು. ನಿಯಮ ಪುಸ್ತಕದ ಮೊದಲ ಪುಟದಲ್ಲಿ ಬರೆಸಿದ್ದೇನು ಗೊತ್ತೇ? 'ಎರಡನೇ ಸಲ ಬಂದ ಅಪರಿಚಿತ ಪಾದ್ರಿಗೆ.' ಅದರ ಪ್ರೂಫ್ ತಿದ್ದಿದವನು ನಾನೇ. ಕಾಗುಣಿತ ಸರಿಯಿತ್ತು, ಬೇರೇನೂ ಸರಿಯಿರಲಿಲ್ಲ. ಮೂರನೇ ವರ್ಷದ ಫೇರು ಹತ್ತಿರ ಬಂದಾಗ ಫೆಲಿಕ್ಸ್‌ಗೆ ಫೋನ್ ಮಾಡಲು ನನ್ನ ಬೆರಳು ಏಳಲೇ ಇಲ್ಲ.

ಫೇರಿನ ದಿನ ಜಾಫರ್ ಭಾಯ್ ನಾಲ್ಕು ಕುರ್ಚಿ ಹಾಕಿದರು. ಒಂದರ ಮೇಲೆ ಬಿಳಿ ಬಟ್ಟೆ ಹಾಸಿದರು. ಗೇಟಿನ ರಾಣಿ ಬಂದು ಅಲ್ಲಿ ಕೂರಲೇ ಅಂತ ಕೇಳಿದಳು.

"ಸಾರಿ ಮೇಡಂ, ರಿಸರ್ವ್ಡ್. ಒಬ್ಬ ಪಾದ್ರಿಗೆ."

ಅವಳು ಹೋದಳು. ಒಬ್ಬ ಬಿಲ್ಲುಗಾರ ಬಂದ, ಅವನೂ ಹೋದ. ಒಂದು ಕುರ್ಚಿ ಖಾಲಿ ಇದ್ದರೆ ಆ ಆಟ ನಡೆಯುವುದಿಲ್ಲ, ನಾಲ್ವರು ಬೇಕೇ ಬೇಕು. ಮಧ್ಯಾಹ್ನದವರೆಗೆ ಒಂದು ದಾಳವೂ ಉರುಳಲಿಲ್ಲ. ಬಾರದ ಪಾದ್ರಿಗಾಗಿ ಆ ಮನುಷ್ಯ ಬಂದವರನ್ನೆಲ್ಲ ಕಳಿಸುತ್ತಿದ್ದರು. ನಾನು ಎಷ್ಟೋ ಜನರನ್ನು ಮಂಗ ಮಾಡಿದ್ದೇನೆ. ಆದರೆ ಮಂಗ ಆದವನ ಎದುರು ಹೀಗೆ ಇಡೀ ದಿನ ಕೂರುವುದು ನನ್ನಿಂದ ಆಗಲಿಲ್ಲ.

"ಜಾಫರ್ ಭಾಯ್, ಆ ಪಾದ್ರಿ ಬರುವುದಿಲ್ಲ. ಅವನು ಫೆಲಿಕ್ಸ್. ನನ್ನ ಜನ. ಬಿರಿಯಾನಿ ಕೊಡ್ತೇನೆ ಅಂತ ನಾನೇ ಕರೆಸಿದ್ದು."

ಅವರು ತಲೆಯ ರುಮಾಲು ತೆಗೆದು ಮೇಜಿನ ಮೇಲಿಟ್ಟರು. "ಎರಡನೇ ಆಟಕ್ಕೂ ನೀವೇ ಹೇಳಿದ್ದಾ?"

"ಹೌದು."

"ಬಾಲ ಕದ್ದದ್ದು?"

"ಅದು ಅವನದ್ದೇ. ಅವನಿಗೆ ಆಟ ಅರ್ಥ ಆಗಿರ್ಲಿಲ್ಲ."

"ಹಾಗಾದ್ರೆ ನಿಯಮ ನಿಜ, ಮನುಷ್ಯ ಸುಳ್ಳು," ಅಂದರು. ಕುರ್ಚಿಯ ಬಿಳಿ ಬಟ್ಟೆ ಮಡಚಿದರು. ಆಮೇಲೆ ಬಂದವರೆಲ್ಲ ಕೂತರು, ಆಡಿದರು, ಬಾಲ ಕದ್ದು ಕೂಗಾಡಿದರು, ರಾಣಿಯೂ ಕಿರೀಟ ಓರೆಯಾಗುವಷ್ಟು ನಕ್ಕಳು. ಆದರೆ ಅರ್ಧ ದಿನ ಕಳೆದುಹೋಗಿತ್ತು. ಎರಡನೇ ಸಲ ಬರಲು ಯಾರಿಗೂ ಹೊತ್ತಿರಲಿಲ್ಲ. ಬಿಸಿಲು ಇಳಿಯುತ್ತಿದ್ದಂತೆ ಜಾಫರ್ ಭಾಯ್ ರೆಕ್ಸಿನ್ ಹಾಸು ಸುತ್ತತೊಡಗಿದರು.

"ಖಲಾಸ್," ಅಂದರು.

ನಾನು ಹಾಸಿನ ಇನ್ನೊಂದು ತುದಿ ಹಿಡಿದುಕೊಂಡೆ. "ಖಲಾಸ್ ಇಲ್ಲ. ನಾನು ಮುಚ್ಚುವುದಿಲ್ಲ. ನಿಮ್ಮ ಕಪಾಟು ಬೇಡ, ಮಗಳ ಮನೆಯ ಮೆಟ್ಟಿಲ ಕೆಳಗೆ ಇಡ್ತೇನೆ. ನೀವು ಬೈದು ಕಳಿಸಿದ್ರೆ ಒಬ್ಬನೇ ಟೋಪಿ ಹಾಕಿಕೊಂಡು ಬರ್ತೇನೆ."

"ಬಿಡಿ ಮಾರಾಯ್ರೆ."

"ಬಿಡುವುದಿಲ್ಲ ಮಾರಾಯ್ರೆ."

ಇಬ್ಬರು ಮುದುಕರು ಸೀಟಿನ ಬಟ್ಟೆಯ ಎರಡು ತುದಿ ಹಿಡಿದು ಎಳೆದಾಡುತ್ತಿರುವಾಗ ಗೇಟಿನ ಕಡೆ ಗಲಾಟೆ ಕೇಳಿತು. ಎಣ್ಣೆ ಮೆತ್ತಿದ ನೀಲಿ ಕವರಾಲ್ ತೊಟ್ಟವನನ್ನು, ವೇಷವಿಲ್ಲ ಅಂತ ತಡೆದಿದ್ದರು. "ಐ ಆಮ್ ಬ್ಲಾಕ್‌ಸ್ಮಿತ್!" ಅಂತ ಅವನು ಕೂಗುತ್ತಿದ್ದ. ಫೆಲಿಕ್ಸ್!

ಓಡುತ್ತಾ ಬಂದವನನ್ನು ಜಾಫರ್ ಭಾಯ್ ದಿಟ್ಟಿಸಿದರು. "ಇವರು ಫೋನ್ ಮಾಡಿದ್ದಾ?"

"ಎಲ್ಲಿ ಭಾಯ್, ಗುರುಗಳು ಈ ಸಲ ಕರೀಲೇ ಇಲ್ಲ. ನಮ್ಮ ಪ್ಲಾಂಟಿನ ಶಟ್‌ಡೌನ್ ರಿಪೇರಿ ಇವತ್ತು ಬೆಳಿಗ್ಗೆ ಮುಗೀತು. ಸೀದಾ ಬಂದೆ. ಇದು ನೋಡಿ."

ಕವರಾಲಿನ ಜೇಬಿನಿಂದ ಒಂದು ಹಿಡಿ ಬಾಲಗಳನ್ನು ತೆಗೆದು ಮೇಜಿನ ಮೇಲೆ ಸುರಿದ. ಯಂತ್ರ ಒರೆಸುವ ಹತ್ತಿಯ ನೂಲನ್ನು ಹೆಣೆದದ್ದು. ಒಂದೊಂದಕ್ಕೂ ವಾಲ್ವಿಗೆ ಕಟ್ಟುವಂಥ ನಂಬರಿನ ಬಿಲ್ಲೆ; ಎಚ್ ಅಂದರೆ ಹಾರ್ಸ್, ಒಬ್ಬೊಬ್ಬ ಆಟಗಾರನಿಗೆ ಒಂದೊಂದು ನಂಬರು. ಉಡುಗೊರೆಯ ಪೆಟ್ಟಿಗೆಯನ್ನು ಇವನು ಕ್ಯಾಂಪಿಗೆ ಒಯ್ದಿದ್ದನಂತೆ. ಚಹಾದ ಬಿಡುವಿನಲ್ಲಿ ಶುರುವಾದ ಆಟ ಇಡೀ ಶಿಫ್ಟಿಗೆ ಹಬ್ಬಿ, ಪೆಟ್ಟಿಗೆಯ ಬಾಲಗಳು ಸವೆದು, ತಾವೇ ಮಾಡಿಕೊಂಡಿದ್ದರು.

"ಕದ್ದು ಕದ್ದು ಜಗಳ ಭಾಯ್. ಕೊನೆಗೆ ನಾವೇ ಒಂದು ಕಾನೂನು ಮಾಡಿದ್ದೇವೆ. ಕದ್ದ ಬಾಲ ವಾಪಸ್ ಬೇಕಾದ್ರೆ ಕದ್ದವನ ಜೊತೆ ಇನ್ನೊಂದು ಆಟ ಆಡ್ಬೇಕು. ಅದು ಸರಿಯಾ ಅಂತ ಕೇಳುವಾ ಅಂತ ಬಂದದ್ದು."

ಜಾಫರ್ ಭಾಯ್ ನಿಧಾನವಾಗಿ ಕೂತರು. "ಎಷ್ಟು ಜನ ಆಡ್ತಾರೆ? ಯಾರ್ಯಾರು?" ಅಂತ ಕೇಳಿದವರು, ಅವನು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ತಡೆದರು. "ಬೇಡ, ಹೆಸರು ಹೇಳಬೇಡ. ಅವರು ನನಗೆ ಗುರುತಿಲ್ಲದವರಾಗಿಯೇ ಇರಲಿ." ನೋಟ್‌ಬುಕ್ ತೆಗೆದರು. "ಕಿವಿಯಲ್ಲಿ ಕೇಳಿದೆ. ಇನ್ನು ಕಣ್ಣಲ್ಲಿ ನೋಡ್ಬೇಕು. ಇನ್ನೊಂದು ವರ್ಷ. ಒಬ್ಬ ಬರಲಿ. ನೀವು ಯಾರನ್ನೂ ಕರೆಯುವ ಹಾಗಿಲ್ಲ, ಮಾರಾಯ್ರೆ."

"ಕರೆಯುವುದಿಲ್ಲ," ಅಂತ ನನ್ನ ಮೊಣಕಾಲಿನ ಮೇಲೆ ಆಣೆ ಇಟ್ಟೆ. ಅವರು ಆ ಕಾನೂನನ್ನು ಬರೆದುಕೊಳ್ಳಲು ತಲೆ ತಗ್ಗಿಸಿದರು. ಫೆಲಿಕ್ಸ್ ಒಂಟೆಯನ್ನು ನೋಡುತ್ತಿದ್ದ. ನನ್ನ ಕೈ, ಅದಕ್ಕೆ ಅದರದೇ ಅಭ್ಯಾಸ, ಮೇಜಿನ ಮೇಲೆ ಹೋಗಿ ಒಂದು ಬಾಲವನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡಿತು.

ಆಮೇಲೆ ಮರೆತೇಬಿಟ್ಟೆ. ವಯಸ್ಸು ನೋಡಿ. ಬರುವ ಶನಿವಾರ ಈ ವರ್ಷದ ಫೇರು; ಅದಕ್ಕೆಂದು ಅಂಗಿಯನ್ನು ಒಗೆಯಲು ಕೊಟ್ಟದ್ದು, ಇಲಿ ಅಂತ ಮಗಳು ಕಿರುಚಿದ್ದು.

ಬಾಲವನ್ನು ಬಾಲ್ಕನಿಯ ಹಗ್ಗದಲ್ಲಿ ಕ್ಲಿಪ್ ಹಾಕಿ ಒಣಗಲು ಬಿಟ್ಟು ಫೆಲಿಕ್ಸ್‌ಗೆ ಫೋನ್ ಮಾಡಿದೆ. ಕರೆಯಲಿಕ್ಕಲ್ಲ, ಆಣೆ ಉಂಟಲ್ಲ. ವಿಚಾರಿಸಲಿಕ್ಕೆ ಮಾತ್ರ.

"ಫೆಲಿಕ್ಸಾ, ಎಚ್ ಏಳು ಯಾರದ್ದು?"

ಅತ್ತ ಅವನು ಯಾರಿಗೋ ಹಿಂದಿಯಲ್ಲಿ ಕೂಗಿದ್ದು ಕೇಳಿತು: "ಮಿಲ್ ಗಯಾ! ಚೋರ್ ಮಿಲ್ ಗಯಾ!" ಹಿಂದಿನಿಂದ ಗುರುತಿಲ್ಲದ ದಪ್ಪ ಸ್ವರವೊಂದು ಏನೇನೋ ಬೈಯತೊಡಗಿತು.

"ಗುರುಗಳೇ, ಒಂದು ವರ್ಷದಿಂದ ನನ್ನ ಮೇಲೆ ಸಂಶಯ ಪಡ್ತಾ ಇದ್ದಾನೆ ಇವನು. ಕಾನೂನು ಕಾನೂನೇ ಅಂತೆ. ಕದ್ದವ ಎಲ್ಲಿರ್ತಾನೋ ಅಲ್ಲಿಗೇ ಬಂದು ಆಡಿ ತೆಗೀತಾನಂತೆ. ಶನಿವಾರ ರಜೆ ಹಾಕ್ತಾನಂತೆ. ಹೆಸರು ಹೇಳ್ಲಾ?"

"ಬೇಡ," ಅಂದೆ. ಫೋನ್ ಇಟ್ಟು ಜಾಫರ್ ಭಾಯ್‌ಗೆ ಮಾಡಿದೆ.

"ಶನಿವಾರ ಒಂದು ಕುರ್ಚಿ ಖಾಲಿ ಇಡಿ, ಭಾಯ್."

"ಯಾರಿಗೆ?" ಸ್ವರದಲ್ಲಿ ಪೂರ್ತಿ ಸಂಶಯ.

"ನನಗೆ ಗೊತ್ತಿಲ್ಲ."

ಅಂಗಡಿಯಲ್ಲಿ ಯಾರೋ ಪಾತ್ರೆಯ ಮುಚ್ಚಳ ಹಾಕಿ ತೆಗೆದು ನೋಡುತ್ತಿದ್ದ ಸದ್ದು ಕೇಳುತ್ತಿತ್ತು. ಇಷ್ಟು ವರ್ಷಗಳಲ್ಲಿ ಆ ಮನುಷ್ಯನ ಹತ್ತಿರ ಎಷ್ಟು ಬಣ್ಣದ ಸುಳ್ಳು ಹೇಳಿದ್ದೇನೋ, ಎಲ್ಲವನ್ನೂ ನಂಬಿದ್ದರು. ಈಗ ನಿಜ ಹೇಳಿ, ನಂಬುತ್ತಾರೋ ಇಲ್ಲವೋ ಅಂತ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದೆ.

"ಬಿಳಿ ಬಟ್ಟೆ ಹಾಸುವುದಾ?" ಅಂತ ಕೇಳಿದರು ಜಾಫರ್ ಭಾಯ್.

"ಬೇಡ," ಅಂದೆ. "ಬರುವವನ ಕೈಯಲ್ಲಿ ಎಣ್ಣೆ ಇರ್ತದೆ."