ನಾಲ್ಕೂವರೆಯ ಪಂಪು

ಮಾರ್ಚ್ ಮೂರರಂದು ಬ್ರೋಕರ್ ಫೋನ್ ಮಾಡಿ, ಮೂಡುಬಿದಿರೆಯ ನಮ್ಮ ಬಾಡಿಗೆ ಮನೆಯ ಉಸ್ತುವಾರಿ ಬಿಡುತ್ತೇನೆ ಎಂದರು. ಏಳು ವರ್ಷ ಬಾಡಿಗೆದಾರರನ್ನು ಹುಡುಕುವುದರಿಂದ ಹಿಡಿದು ಸೋರುವ ನಲ್ಲಿಯವರೆಗೆ ಎಲ್ಲವನ್ನೂ ನೋಡಿಕೊಂಡವರು ಅವರೇ.

"ಮೊಣಕಾಲು ನೋವು ಮಗಾ. ಕರಾರಿನ ಪ್ರಕಾರ ಒಂದು ತಿಂಗಳು ಮೊದಲೇ ಹೇಳ್ತಾ ಇದ್ದೇನೆ."

ಮನೆ ನನ್ನ ಹೆಸರಿನಲ್ಲಿದೆ. ಅಪ್ಪ ಇರುವುದು ಗಲ್ಫಿನ ದಮ್ಮಾಮಿನಲ್ಲಿ, ನಾನು ಬಸ್ಸಿಗೆ ಒಂದು ಗಂಟೆ ದೂರದ ಬಿ.ಸಿ.ರೋಡಿನಲ್ಲಿ, ಕೆಲಸ ವಾರಕ್ಕೆ ಆರು ದಿನ. "ನಿನಗೆ ಆಗದಿದ್ದರೆ ಹುಡುಗಿಯರಿಗೆ ಬಿಡಲಿಕ್ಕೆ ಹೇಳು, ಬೀಗ ಹಾಕುವ" ಎಂದರು ಅಪ್ಪ. ಅಲ್ಲಿದ್ದದ್ದು ನಾಲ್ವರು ನರ್ಸಿಂಗ್ ವಿದ್ಯಾರ್ಥಿನಿಯರು. ಮೇ ತಿಂಗಳಲ್ಲಿ ಅವರಿಗೆ ಪರೀಕ್ಷೆ. ಒಂದು ತಿಂಗಳು ನಾನೇ ನೋಡಿಕೊಳ್ಳುತ್ತೇನೆ, ಆಮೇಲೆ ಹೇಳುತ್ತೇನೆ ಎಂದೆ.

ಏಪ್ರಿಲ್ ಮೂರು, ಮಂಗಳವಾರ, ರಜೆ ಹಾಕಿ ಹೋಗಿ ಬಾಗಿಲು ತಟ್ಟಿದೆ. ಹುಬ್ಬಳ್ಳಿ ಕಡೆಯ ಹುಡುಗಿ ಅರ್ಧ ಬಾಗಿಲು ತೆರೆದಳು.

"ಯಾರ್ ಬೇಕಾಗಿತ್ರೀ?"

"ನಾನು ಈ ಮನೆಯ ಓನರ್."

"ನಮ್ಮ ಓನರ್ ಬ್ಯಾರೆ ಅದಾರ್ರೀ ಅಕ್ಕಾ. ಬಿಳಿ ಗಡ್ಡ ಐತಿ ಅವರಿಗೆ."

ಬಾಗಿಲು ಮುಚ್ಚಿತು. ಬ್ರೋಕರನ್ನು ಅವರು ಓನರ್ ಎಂದೇ ತಿಳಿದಿದ್ದರು. ಅವರಿಗೆ ಫೋನ್ ಮಾಡಿ ವಿಚಾರಿಸಿದ ಮೇಲೆಯೇ ನನ್ನನ್ನು ಒಳಗೆ ಬಿಟ್ಟದ್ದು. ಹನ್ನೊಂದು ನಿಮಿಷ ಹೊರಗೆ ನಿಂತಿದ್ದೆ.

ಬ್ರೋಕರ್ ಕೊಟ್ಟ ಒಂಬತ್ತು ಕೀಲಿಗಳಿಗೆ ಚೀಟಿ ಅಂಟಿಸಿದೆ. ನಮ್ಮಲ್ಲಿ ಬಾವಿ ಇಲ್ಲ. ಪಕ್ಕದ ಜೈನರ ಮನೆಯ ಬಾವಿಗೆ ನಮ್ಮ ಪಂಪು ಇಟ್ಟಿದ್ದೇವೆ. ಆ ಪಂಪನ್ನು ಯಾವಾಗ ಹಾಕಬೇಕೆಂದು ಹುಡುಗಿಯರಿಗೆ ಗೊತ್ತಿರಲಿಲ್ಲ. ಬ್ರೋಕರ್ ಬೆಳಗಿನ ವಾಕಿಂಗಿಗೆ ಬಂದಾಗ ತಾವೇ ಹಾಕಿ ಹೋಗುತ್ತಿದ್ದರಂತೆ. ಹುಡುಗಿಯರು ಕಾಲೇಜಿನಿಂದ ಬರುವುದು ನಾಲ್ಕಕ್ಕೆ. ಹಾಗಾಗಿ 'ಪಂಪು: ಸಂಜೆ 4.30ರಿಂದ 5.15' ಎಂದು ಬರೆದು ಸ್ವಿಚ್ಚಿನ ಮೇಲೆ ಅಂಟಿಸಿದೆ. ಪ್ರತಿದಿನ ಹಾಕಿದವರು ಸಹಿ ಮಾಡಲಿಕ್ಕೆ ಪಕ್ಕದಲ್ಲಿ ಗೆರೆ ಎಳೆದುಕೊಟ್ಟೆ. ಬಸ್ಸಿನಲ್ಲಿ ಹಿಂದಿರುಗಿ ಬರುವಾಗ ನನಗೆ ತುಂಬ ಸಮಾಧಾನವಿತ್ತು.

ಆ ಭಾನುವಾರ ಹೋದಾಗ ಐದೂ ಸಹಿ ಸರಿಯಾಗಿದ್ದವು. ಆದರೆ ಹುಬ್ಬಳ್ಳಿಯ ಹುಡುಗಿಯ ಮುಖ ಸಣ್ಣದಾಗಿತ್ತು.

"ಬಾಜೂ ಮನಿ ಅಜ್ಜಿ ದಿನಾ ಸಂಜಿಮುಂದ ನಮಗ ಪಲ್ಯ ಕೊಡ್ತಿದ್ರು. ಐದ್ ದಿನ ಆತು, ಕೊಟ್ಟಿಲ್ಲ. ಸಿಟ್ಟಾಗ್ಯಾರೋ ಏನೋ."

ನಾನು ಕೂಡಲೇ ಪಕ್ಕದ ಮನೆಗೆ ನಡೆದೆ. ಬಾವಿ ಅವರದ್ದು. ಅವರು ಬೇಡ ಎಂದರೆ ಆ ದಿನವೇ ಬೀಗ ಹಾಕಬೇಕಾಗುತ್ತಿತ್ತು.

ಅಜ್ಜಿ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಪಕ್ಕದಲ್ಲಿ ಕೂತು, ಪಂಪಿನಿಂದ ಏನಾದರೂ ತೊಂದರೆ ಆಯಿತೇ ಎಂದು ಕೇಳಿದೆ. ಮೊದಲು ಏನೂ ಇಲ್ಲ ಎಂದರು. ನಾನು ಏಳಲಿಲ್ಲ.

"ನೋಡು, ಬೇಸಗೆಯಲ್ಲಿ ಬಾವಿಯಲ್ಲಿ ನೀರು ಕಡಿಮೆ. ಪಂಪು ಹಾಕಿದರೆ ಕೆಸರು ಏಳ್ತದೆ, ತಿಳಿಯಾಗಲಿಕ್ಕೆ ಎರಡು ಗಂಟೆ ಬೇಕು. ನಾನು ಹೊತ್ತು ಮುಳುಗಿದ ಮೇಲೆ ಉಣ್ಣುವವಳಲ್ಲ."

"ಬೆಳಗ್ಗೆಯೇ ಸೇದಿಟ್ಟರೆ?"

"ಬೆಳಗ್ಗೆ ಸೋಸಿದ ನೀರು ಸಂಜೆಗೆ ನಮ್ಮ ಜೈನರ ನೇಮಕ್ಕೆ ಆಗುವುದಿಲ್ಲ ಮಾರಾಯ್ತಿ. ಅದು ಬ್ರೋಕರಿಗೆ ಗೊತ್ತುಂಟು."

ಐದು ಸಹಿ ಎಂದರೆ ಐದು ಸಂಜೆ ಅವರು ಊಟ ಮಾಡಿರಲಿಲ್ಲ.

"ಅಜ್ಜೀ, ಒಂದು ಮಾತು ಹೇಳಬಾರದಿತ್ತಾ?"

"ಹೇಳಿದರೆ ನೀನು ಇದೆಲ್ಲ ಸಾಕು ಅಂತ ಬೀಗ ಹಾಕಿಬಿಟ್ಟರೆ? ಆ ಮಕ್ಕಳು ಪರೀಕ್ಷೆಯ ಹೊತ್ತಿಗೆ ಎಲ್ಲಿಗೆ ಹೋಗುವುದು? ಒಂದು ತಿಂಗಳು ಹೇಗಾದರೂ ಕಳೀತದೆ ಅಂದುಕೊಂಡೆ."

ನಾನು ಹೋಗಿ ಚೀಟಿ ಕಿತ್ತೆ. ಹುಬ್ಬಳ್ಳಿಯವಳು ಓದಲಿಕ್ಕೆ ಹೇಗೂ ಬೆಳಗ್ಗೆ ಐದಕ್ಕೆ ಏಳುತ್ತಾಳೆ. ಪಂಪು ಆಗಲೇ ಹಾಕುತ್ತೇನೆ ಎಂದಳು. ಜಗಲಿಗೆ ಹಿಂದಿರುಗಿ, ಬ್ರೋಕರ್ ಬೇರೆ ಏನೇನು ಮಾಡುತ್ತಿದ್ದರು ಎಂದು ಅಜ್ಜಿಯನ್ನೇ ಕೇಳಿದೆ. ಅವರು ನೆನಪಾದಂತೆ ಹೇಳಿದರು, ನಾನು ಡೈರಿಯಲ್ಲಿ ಬರೆದುಕೊಂಡೆ. ಹದಿನಾಲ್ಕು ಕೆಲಸಗಳಾದವು. ಕರಾರಿನಲ್ಲಿದ್ದದ್ದು ಆರು ಮಾತ್ರ.

"ಇಷ್ಟೆಲ್ಲ ನಿನ್ನಿಂದ ಆಗ್ತದಾ?" ಎಂದರು.

"ನಾಲ್ಕು ನೀವು ನೋಡಿದರೆ ಆಗ್ತದೆ."

"ಮೂರು" ಎಂದು ನಕ್ಕು, ಕೊಡ ಹಿಡಿದು ಬಾವಿಕಟ್ಟೆಗೆ ಹೋದರು.

ಬೀಗ ಹಾಕುವುದು ಬೇಡ, ನಾನೇ ನೋಡಿಕೊಳ್ಳುತ್ತೇನೆ ಎಂದು ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ಕೇಳಿದ್ದು ಒಂದೇ:

"ಅಜ್ಜಿಯ ಊಟ ಆಯ್ತಾ?"

ಒಳಗೆ ಅಕ್ಕಿ ತೊಳೆಯುವ ಸದ್ದು ಕೇಳುತ್ತಿತ್ತು.

"ಈಗ ಅನ್ನಕ್ಕೆ ಇಡ್ತಾ ಇದ್ದಾರೆ. ಇನ್ನೂ ಬಿಸಿಲು ಉಂಟು" ಎಂದೆ.