ಕನ್ನಡ ಟೀಚರ ಹಗ್ಗಜಗ್ಗಾಟ

ಲಾಯಿಲದ ತ್ರಿಪುರಸುಂದರಿ ಟೀಚರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಶಾಲೆಯಲ್ಲಿ ಯಾರಾದರೂ ತುಳು ಮಾತಾಡಿದ್ದು ಕಿವಿಗೆ ಬಿತ್ತೋ, ಇಂಪೊಸಿಷನ್ ಖಂಡಿತ, ಪುಟ ತುಂಬ ಒಂದೇ ಸಾಲು: 'ನಾನು ಶಾಲೆಯಲ್ಲಿ ಕನ್ನಡವನ್ನೇ ಮಾತನಾಡುತ್ತೇನೆ.' ಮನೆಯಲ್ಲಿ, ಬಸ್ಸಿನಲ್ಲಿ ಅವರೂ ಆಡುವುದು ತುಳುವೇ, ಆ ಮಾತು ಬೇರೆ.

ಇಂಥವರ ಕೊರಳಿಗೆ ಈ ವರ್ಷ ಹುಡುಗಿಯರ ಹಗ್ಗಜಗ್ಗಾಟದ ತಂಡ ಬಿತ್ತು. ಪಿ.ಟಿ. ಮಾಸ್ಟ್ರು ಕಾಲು ಮುರಿದುಕೊಂಡು ಮಲಗಿದ್ದರು. "ನೀವು ಮಕ್ಕಳನ್ನು ಹುರಿದುಂಬಿಸಿದ್ರೆ ಸಾಕು ಟೀಚರ್" ಎಂದು ಹೆಡ್‌ಮಾಸ್ಟ್ರು ಕೈತೊಳೆದುಕೊಂಡರು. ಸಾಕಂತೆ! ಹೇಳುವವರಿಗೇನು ಕಷ್ಟ?

ಬೆಳ್ತಂಗಡಿಯ ಮೈದಾನದಲ್ಲಿ ತಾಲೂಕಿನ ಫೈನಲ್. ಗೆದ್ದರೆ ಜಿಲ್ಲಾ ಮಟ್ಟಕ್ಕೆ. ಸೋತರೆ ಹಗ್ಗದ ಕೊನೆಯಲ್ಲಿ ನಿಲ್ಲುವ ಸಾತ್ವಿಕಾಳಿಗೆ ಆಟವೇ ಬಂದ್. "ಇವತ್ತು ಸೋತರೆ ನಾಳೆಯಿಂದ ಟ್ಯೂಷನ್" ಎಂದು ಅವಳ ತಾಯಿ ಕುಸುಮ ಬೆಳಿಗ್ಗೆಯೇ ಹೇಳಿ, ಈಗ ಗೆರೆಯಾಚೆ ಕೊಡೆ ಹಿಡಿದು ನಿಂತಿದ್ದರು.

ಮೊದಲ ಸುತ್ತು ಸೋತಾಯಿತು. ಹುಡುಗಿಯರು ಬೆವರಿ, ಮುಖ ಸಪ್ಪೆ ಮಾಡಿ ಕೂತರು. ಟೀಚರು ಗಂಟಲು ಸರಿಮಾಡಿಕೊಂಡರು.

"ಮಕ್ಕಳೇ, ಹುರಿದುಂಬಿಸುವುದು ಎಂದರೇನು? ನಾರು ಸಡಿಲವಾಗಿದ್ದರೆ ಹಗ್ಗವಾಗುವುದಿಲ್ಲ. ಹೊಸೆಯಬೇಕು. ಹೊಸೆದಾಗ ಬರುವ ಬಿಗಿಯೇ ಹುರಿ. ಆ ಹುರಿಯನ್ನು ತುಂಬುವುದು..."

"ಟೀಚರ್, ಇದು ಪರೀಕ್ಷೆಗೆ ಬರ್ತದಾ?" ಸಾತ್ವಿಕಾ ಅಳುವ ದನಿಯಲ್ಲಿ ಕೇಳಿದಳು.

ಟೀಚರಿಗೆ ಮೈಯೆಲ್ಲ ಉರಿಯಿತು. ಇವುಗಳಿಗೆ ಪದದ ಬೇರು ಬಿಡಿಸಿ ಹೇಳುವ ನನಗೆ ಬುದ್ಧಿ ಇಲ್ಲ!

ಎರಡನೇ ಸುತ್ತಿಗೆ ಸೀಟಿ ಊದಿದರು. ಟೀಚರು ಗೆರೆಯ ಪಕ್ಕ ನಿಂತು, "ಶಕ್ತಿಮೀರಿ ಎಳೆಯಿರಿ, ಧೈರ್ಯಗೆಡಬೇಡಿ" ಎಂದರು. ಅಚ್ಚುಕಟ್ಟಾದ ಕನ್ನಡ, ಯಾರ ಕಿವಿಗೂ ಹೋಗಲಿಲ್ಲ. ಹಗ್ಗ ಜಾರಿತು. ಸಾತ್ವಿಕಾಳ ಒಂದು ಮೊಣಕಾಲು ಮಣ್ಣಿಗೆ ತಾಗಿತು. ಮಗು ತಾಯಿಯತ್ತ ನೋಡಿದ್ದು ಟೀಚರ ಕಣ್ಣಿಗೆ ಬಿತ್ತು.

"ಒಯ್ಪುಲೆ ಪೊಣ್ಣುಲೆ! ಬುಡೊಡ್ಚಿ!" ಎಳೆಯಿರಿ ಹುಡುಗಿಯರೇ, ಬಿಡಬೇಡಿ ಎಂದು ತುಳುವಿನಲ್ಲಿ ಕಿರುಚಿದ್ದು ಯಾರು? ಸ್ವತಃ ತ್ರಿಪುರಸುಂದರಿ ಟೀಚರು! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೈದು, ಬೇಡಿ, ಹಗ್ಗದ ಉದ್ದಕ್ಕೂ ಓಡಾಡಿದರು. ಸಾತ್ವಿಕಾ ಎದ್ದು ಹಿಮ್ಮಡಿ ಊರಿದಳು. ಆ ಸುತ್ತೂ ಗೆದ್ದರು, ಮೂರನೆಯ, ಕೊನೆಯ ಸುತ್ತೂ ಗೆದ್ದರು.

ಕುಸುಮ ಕೊಡೆ ಮಡಚಿ ಹತ್ತಿರ ಬಂದರು. "ಜಿಲ್ಲೆಗೂ ನೀವೇ ಕರ್ಕೊಂಡು ಹೋಗ್ಬೇಕು ಟೀಚರ್, ಇವಳನ್ನು ಕಳಿಸ್ತೇನೆ."

"ಅಯ್ಯೋ ದೇವರೇ, ನನಗೆ ಬೇರೆ ಕೆಲಸ ಇಲ್ವಾ?" ಎಂದು ಟೀಚರು ಸಿಡುಕಿದರು. ಕಣ್ಣು ಮಾತ್ರ ತುಂಬಿತ್ತು.

ಸೋಮವಾರ ಮಕ್ಕಳು ತರಗತಿಗೆ ಬಂದಾಗ ಕಪ್ಪುಹಲಗೆಯ ತುಂಬ ಟೀಚರ ದುಂಡು ಅಕ್ಷರದ ಇಂಪೊಸಿಷನ್ ಇತ್ತು. 'ನಾನು ಶಾಲೆಯಲ್ಲಿ ಕನ್ನಡವನ್ನೇ ಮಾತನಾಡುತ್ತೇನೆ' ಎಂಬ ಸಾಲುಗಳ ಕೆಳಗೆ, ಕೊನೆಯಲ್ಲಿ, 'ಮೈದಾನವೊಂದನ್ನು ಬಿಟ್ಟು.'